ಇನ್ನೂರ ಹನ್ನೆರಡು ತೂತುಗಳು

ಫೆಬ್ರವರಿ 4

ಅತ್ತೆ,

ಕೆಲಸಕ್ಕೆ ಸೇರಿ ಇವತ್ತಿಗೆ ಹನ್ನೊಂದು ದಿನ. ನಿಮ್ಮ ಷರತ್ತಿನಂತೆ ಇದು ಮೊದಲನೇ ಪತ್ರ. ಫೋನಿನಲ್ಲಾದರೆ ನಾನು ಅರ್ಧಕ್ಕೇ ಎದ್ದು ಹೋಗುತ್ತೇನೆ, ಕಾಗದದಲ್ಲಾದರೆ ಕೊನೆಯ ಸಾಲಿನ ತನಕ ಕೂರಲೇಬೇಕು ಎಂದಿದ್ದಿರಲ್ಲ, ಕೂತಿದ್ದೇನೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ನೀರು ಕುಡಿದು ಬಂದೆ. ಅದನ್ನೂ ಹೇಳಿಬಿಡುತ್ತೇನೆ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಇದು ನನ್ನ ಐದನೇ ಕೆಲಸ. ಅಮ್ಮ ನೆಂಟರಿಗೆಲ್ಲ "ಅವಳೇ ಬಿಟ್ಟಳು" ಎನ್ನುತ್ತಾಳೆ. ನಾಲ್ಕರಲ್ಲಿ ಮೂರನ್ನು ನಾನೇ ಬಿಟ್ಟಿದ್ದು ನಿಜ. ಔಷಧಿ ಅಂಗಡಿಯವರು ಮಾತ್ರ ಅವರಾಗಿಯೇ ಕಳಿಸಿದ್ದು. ಟಾನಿಕ್ಕಿನ ತಾರೀಕು ಮುಗಿದಿದೆ ಎಂದು ಗಿರಾಕಿಯ ಮುಂದೆಯೇ ಹೇಳಿದ್ದಕ್ಕೆ. ನೀವು ನಿಮ್ಮ ಹಳೆಯ ಸಹಪಾಠಿಗೆ ಫೋನ್ ಮಾಡಿ, "ನನ್ನ ಅಣ್ಣನ ಮಗಳು, ಕೈಯೂ ಚುರುಕು, ಬಾಯಿಯೂ ಚುರುಕು, ಎರಡಕ್ಕೂ ನಾನೇ ಜವಾಬ್ದಾರಿ" ಅಂದಿರಂತೆ. ಆರ್ಕಿಟೆಕ್ಟ್ ಸರ್ ಅದನ್ನು ಮೊದಲ ದಿನವೇ ಎಲ್ಲರ ಮುಂದೆ ಹೇಳಿದರು. ಹಾಗಾಗಿ ಈ ಸಲ ನಾನು ಕೆಲಸ ಕೆಡಿಸಿಕೊಂಡರೆ ಹೋಗುವುದು ನನ್ನೊಬ್ಬಳ ಮಾನವಲ್ಲ.

ಆಫೀಸು ಟೈರ್ ಅಂಗಡಿಯ ಮೇಲಿದೆ. ಎರಡು ಕೋಣೆ, ಐದು ಜನ. ಮೆಟ್ಟಿಲು ಹತ್ತುವಾಗ ರಬ್ಬರ್ ವಾಸನೆ, ಒಳಗೆ ಬಂದರೆ ಅಂಟಿನ ವಾಸನೆ. ನನಗೆ ಕಿಟಕಿಯ ಪಕ್ಕದ ಉದ್ದದ ಮೇಜು ಕೊಟ್ಟಿದ್ದಾರೆ. ಮಾಡೆಲ್‌ಗೆ ಮರ ಮಾಡುವುದು ನನ್ನ ಕೆಲಸ. ತಂತಿ ಹೊಸೆದು, ಕೊಂಬೆ ಬಿಡಿಸಿ, ಅಂಟು ಹಚ್ಚಿ, ಪುಡಿ ಮಾಡಿದ ಹಸಿರು ಸ್ಪಂಜಿನಲ್ಲಿ ಹೊರಳಿಸಿದರೆ ಒಂದು ಮರ. ನಾಲ್ಕು ನಿಮಿಷಕ್ಕೊಂದು. ಹನ್ನೊಂದು ದಿನದಲ್ಲಿ ಒಂದು ಕಾಡೇ ಮಾಡಿದ್ದೇನೆ, ಆದರೂ ಬೇಜಾರು ಬಂದಿಲ್ಲ. ನನಗೇ ಆಶ್ಚರ್ಯ.

ಈಗ ನಡೆಯುತ್ತಿರುವುದು ಹಳೆಯ ನೀರಿನ ಟ್ಯಾಂಕಿನ ಹಿಂದಿನ ಎರಡು ಎಕರೆ. ಅಲ್ಲಿ ಜೀವವೈವಿಧ್ಯದ ಪಾರ್ಕು ಬರಬೇಕು. ಅದಕ್ಕೆ ಮೊದಲ ದರ್ಜೆ ಸಿಕ್ಕರೆ ನಗರಸಭೆಯ ಇನ್ನೂ ಮೂರು ಪಾರ್ಕುಗಳ ಕೆಲಸ ನಮ್ಮ ಆಫೀಸಿಗೇ. ದರ್ಜೆಗೆ ಅಂಕ, ಅಂಕಕ್ಕೆ ಒಂದು ಫಾರಂ, ಫಾರಮ್ಮಿಗೆ ಒಂದು ದಪ್ಪ ಪುಸ್ತಕ. ಅದು ನಿಮ್ಮ ದೇಶದ ಪುಸ್ತಕ. ನಲವತ್ತೊಂದನೇ ಪುಟದಲ್ಲಿ ಜೇನ್ನೊಣಗಳಿಗೆ ಮರದ ಪೆಟ್ಟಿಗೆಯ ಚಿತ್ರವಿದೆ. ಪೆಟ್ಟಿಗೆ ತುಂಬ ಸಾಲು ಸಾಲು ತೂತು. ಮೂಲೆಯಲ್ಲಿ ಪುಟ್ಟದಾಗಿ, ಉದ್ದ ಬಾಲದ ನಿಮ್ಮ ಸಹಿ! ಆಫೀಸಿಗೆಲ್ಲ ಕೇಳುವ ಹಾಗೆ "ಇದು ನಮ್ಮತ್ತೆ" ಎಂದು ಕೂಗಿದೆ. ನಕ್ಷೆ ಬರೆಯುವ ಅಣ್ಣ (ನಾನು ಅವರನ್ನು ನಕ್ಷೆಯಣ್ಣ ಎನ್ನುತ್ತೇನೆ) ಬಗ್ಗಿ ನೋಡಿ, "ಅಲ್ಲಮ್ಮಾ, ಇದು ಪೆಟ್ಟಿಗೆ" ಅಂದರು.

ನಕ್ಷೆಯಣ್ಣನಿಗೆ ಖಾಲಿ ಕಾಗದ ಕಂಡರೆ ಆಗುವುದಿಲ್ಲ. ದಾರಿ, ಬೆಂಚು, ಮರ ಎಲ್ಲ ಬರೆದಾದ ಮೇಲೆ ಎಲ್ಲೆಲ್ಲಿ ಬಿಳಿ ಉಳಿದಿದೆಯೋ ಅಲ್ಲೆಲ್ಲ ಒಂದು ಬಟನ್ ಒತ್ತಿ ಹುಲ್ಲಿನ ಚುಕ್ಕಿ ತುಂಬುತ್ತಾರೆ. ಯಾಕೆ ಎಂದು ಕೇಳಿದೆ. "ಬಿಳಿ ಬಿಟ್ರೆ ಕೆಲಸ ಮುಗಿದಿಲ್ಲ ಅಂತಾರೆ ಕಣಮ್ಮ" ಅಂದರು. ನಿಮ್ಮಲ್ಲೂ ಹೀಗೇನಾ?

ಪುಟ ಮುಗಿಯಿತು. ಏಳಬಹುದಾ?

ನಿಮ್ಮ ತರಲೆ


ಫೆಬ್ರವರಿ 21

ತರಲೆ,

ಏಳಬಹುದು. ಪತ್ರ ನಾನು ಅಂದುಕೊಂಡಿದ್ದಕ್ಕಿಂತ ಎರಡು ಪ್ಯಾರಾ ಉದ್ದವಿತ್ತು. ಬಸ್ಸಿನಲ್ಲಿ ಓದುತ್ತಾ ನಾನಿಳಿಯುವ ನಿಲ್ದಾಣ ದಾಟಿಹೋಯಿತು.

ಹೌದು, ನಲವತ್ತೊಂದನೇ ಪುಟ ನನ್ನದು. ಆಗ ನನಗೆ ಇಪ್ಪತ್ತಾರು. ಈ ಯೋಜನಾ ಕಚೇರಿಗೆ ಸೇರಿ ಆರು ತಿಂಗಳಾಗಿತ್ತು, ನನ್ನ ಹೆಸರನ್ನು ಸರಿಯಾಗಿ ಕರೆಯುವವರು ಇಲ್ಲಿ ಒಬ್ಬರೂ ಇರಲಿಲ್ಲ. ಆ ಚಿತ್ರ ಅಚ್ಚಾದ ಮೇಲೆ ಕರೆಯತೊಡಗಿದರು. ಪುಸ್ತಕ ಹನ್ನೊಂದು ದೇಶಗಳ ಕಚೇರಿಗಳಿಗೆ ಹೋಗಿದೆ. ನಿನ್ನ ಟೈರ್ ಅಂಗಡಿಯ ಮೇಲಕ್ಕೂ ಹತ್ತಿದೆ ಎಂದು ಓದಿ, ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಯಿತು.

ನಮ್ಮಲ್ಲಿಯೂ ಬಿಳಿ ಜಾಗ ಯಾರಿಗೂ ಇಷ್ಟವಿಲ್ಲ. ಆದರೆ ಇಲ್ಲಿ ಒಂದು ಉಪಾಯವಿದೆ. ಹುಲ್ಲನ್ನು ಮೊಣಕಾಲುದ್ದ ಬೆಳೆಯಲು ಬಿಡಬೇಕಾದರೆ ಅದರ ಸುತ್ತ ಒಂದು ಗಜ ಅಗಲದ ಅಂಚನ್ನು ಮಾತ್ರ ನೀಟಾಗಿ ಕತ್ತರಿಸುತ್ತೇವೆ. ಅಂಚು ನೀಟಾಗಿದ್ದರೆ ಒಳಗಿನದನ್ನು ಬೇಕೆಂದೇ ಹಾಗೆ ಬಿಟ್ಟಿದ್ದಾರೆ ಎಂದು ಜನ ನಂಬುತ್ತಾರೆ. ಅಂಚಿಲ್ಲದಿದ್ದರೆ ಅದೇ ಹುಲ್ಲಿಗೆ ದೂರು ಬರುತ್ತದೆ.

ಇನ್ನೊಂದು ದೇಶಕ್ಕೆ ಒಮ್ಮೆ ಕೆಲಸದ ಮೇಲೆ ಹೋಗಿದ್ದೆ. ಅಲ್ಲಿಯ ಯೋಜಕರು ಮೊದಲ ನಕ್ಷೆಯಲ್ಲಿ ಮುಕ್ಕಾಲು ಭಾಗ ಬಿಳಿ ಬಿಟ್ಟು, ಅದರ ಮೇಲೆ "ಇಲ್ಲಿ ಇನ್ನೂ ಕೂತಿಲ್ಲ" ಎಂದು ಬರೆಯುತ್ತಾರೆ. ನಿಜವಾಗಿಯೂ ಅಷ್ಟೇ ಬರೆಯುತ್ತಾರೆ. ಒಬ್ಬರು ಹೋಗಿ ಅಲ್ಲಿ ದಿನಕ್ಕೊಂದು ಗಂಟೆಯಂತೆ ಹತ್ತು ದಿನ ಕೂತು ಬಂದ ಮೇಲೆಯೇ ಆ ಜಾಗದಲ್ಲಿ ಗೆರೆ ಎಳೆಯುವುದು. ನಾವು ಊಟದ ಮೇಜಿನಲ್ಲಿ ಅದನ್ನು ಹೇಳಿಕೊಂಡು ನಕ್ಕೆವು. ನಿನಗೆ ಯಾಕೋ ಹೇಳಬೇಕೆನ್ನಿಸಿತು. ನಿನ್ನ ಸರ್ ಬಿಟ್ಟರೆ ನೀನೂ ಹೋಗಿ ಕೂತು ನೋಡು. ನಿನ್ನಂಥ ಕಾಲು ನಿಲ್ಲದವಳಿಗೆ ಶಿಕ್ಷೆಯಾಗಬಹುದು, ಆಗಲಿ.

ಪೆಟ್ಟಿಗೆಗಳನ್ನು ಬಿಸಿಲಿಗೆ ಮುಖ ಮಾಡಿ ತೂಗುಹಾಕಿ.

ಅತ್ತೆ


ಮಾರ್ಚ್ 14

ಅತ್ತೆ,

ಕೂತೆ. ಹತ್ತಲ್ಲ, ಹನ್ನೆರಡು ದಿನ.

ಮೊದಲು ಪೆಟ್ಟಿಗೆಯ ಸುದ್ದಿ. ಬಡಗಿಯ ಜೊತೆ ನಾನೂ ಸೇರಿ ಇಪ್ಪತ್ತನಾಲ್ಕು ಮಾಡಿದೆವು, ನಿಮ್ಮ ಅಳತೆಗೆ ಒಂದು ಕೂದಲೆಳೆ ಆಚೀಚೆ ಇಲ್ಲ. ಬಿಸಿಲಿಗೆ ಮುಖ ಮಾಡಿ ತೂಗುಹಾಕಿದ್ದೇವೆ. ಎಷ್ಟರಲ್ಲಿ ನೊಣ ಬಂದಿದೆ ಎಂದು ಎಣಿಸುವ ಕೆಲಸವನ್ನೂ ನನಗೇ ಕೊಟ್ಟರು, ಅದಕ್ಕೇ ಕೂರಲು ಒಪ್ಪಿಗೆ ಸಿಕ್ಕಿದ್ದು. ಇವತ್ತಿನ ಲೆಕ್ಕ: ಜೇನ್ನೊಣ ಸೊನ್ನೆ, ಜೇಡ ಮೂರು, ಹಲ್ಲಿ ಒಂದು. ನಾವೇನಾದರೂ ತಪ್ಪು ಎತ್ತರದಲ್ಲಿ ಹಾಕಿದ್ದೇವಾ? ನಿಮ್ಮ ಚಿತ್ರದಲ್ಲಿ ಎತ್ತರ ಹೇಳಿಲ್ಲ.

ಈಗ ನಿಜವಾದ ಸುದ್ದಿ. ಮೊದಲ ಐದು ದಿನ ನನಗೆ ಕೂತ ಕಡೆ ಮುಳ್ಳು. ಗಂಟೆಗೆ ಹತ್ತು ಸಲ ಗಡಿಯಾರ ನೋಡಿದೆ. ಆರನೇ ದಿನ ಟ್ಯಾಂಕಿನ ಕೆಳಗೆ, ಜನ ಅಡ್ಡದಾರಿಗೆಂದು ತುಳಿದು ತುಳಿದು ಗಟ್ಟಿಯಾದ ಬೋಳು ನೆಲದಲ್ಲಿ, ನನ್ನ ಚಪ್ಪಲಿಯ ಪಕ್ಕದಲ್ಲೇ ಒಂದು ತೂತು ಕಂಡಿತು. ಪೆನ್ಸಿಲ್ ಹಿಡಿಸುವಷ್ಟು. ಸುತ್ತ ಸಕ್ಕರೆ ಕಾಳಿನಂಥ ಮಣ್ಣಿನ ಉಂಡೆಗಳು. ಇರುವೆ ಅಂದುಕೊಂಡೆ. ಅಷ್ಟರಲ್ಲಿ ಕಾಲಿಗೆಲ್ಲ ಹಳದಿ ಪುಡಿ ಮೆತ್ತಿಕೊಂಡ ಒಂದು ಪುಟ್ಟ ಜೇನ್ನೊಣ ಬಂದು, ಮನೆ ನಂಬರ್ ಹುಡುಕುವವರಂತೆ ಎರಡು ಸುತ್ತು ಹಾಕಿ, ಸರಕ್ಕನೆ ಒಳಗೆ ಹೋಯಿತು. ಆಮೇಲೆ ಪಕ್ಕದ ತೂತಿಗೆ ಇನ್ನೊಂದು. ಅದರಾಚೆ ಮತ್ತೊಂದು. ಒಂದು ಕಂಡ ಮೇಲೆ ನೆಲವೆಲ್ಲ ತೂತೇ!

ವಾಚ್‌ಮನ್ ತಾತನನ್ನು ಕರೆದು ತೋರಿಸಿದೆ. "ಇದನ್ನ ನೋಡಕ್ಕೆ ನನ್ನ ಕರೆದ್ಯಾ? ನಾನು ಕೆಲಸಕ್ಕೆ ಸೇರಿದಾಗಿನಿಂದ ಇವೆ. ಪ್ರತಿ ವರ್ಷ ಬಿಸಿಲು ಏರೋವಾಗ ಬರ್ತವೆ. ಒಂದು ದಿನ ಕಚ್ಚಿದ್ದಿಲ್ಲ" ಅಂದರು.

"ಮತ್ತೆ ಯಾರಿಗೂ ಯಾಕೆ ಹೇಳಿಲ್ಲ ತಾತ?"

"ಯಾರು ಕೇಳಿದ್ರು?"

ಒಂದೊಂದು ತೂತಿನ ಪಕ್ಕ ಒಂದೊಂದು ಹಲ್ಲುಕಡ್ಡಿ ನೆಟ್ಟೆ, ಮಾಡೆಲ್‌ಗೆಂದು ತಂದಿದ್ದವು. ಆಮೇಲೆ ಕಡ್ಡಿ ಎಣಿಸಿದೆ. ಇನ್ನೂರ ಹನ್ನೆರಡು. ಒಂದೊಂದರಲ್ಲೂ ಒಬ್ಬಳೇ ತಾಯಿ, ತಾನೇ ಅಗೆದು, ತಾನೇ ಪುಡಿ ತಂದು ತುಂಬಿಟ್ಟು, ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತಾಳೆ. ನಮ್ಮ ಬೀದಿಯ ಹೆಂಗಸರ ಹಾಗೆ ಅಕ್ಕಪಕ್ಕ ಇದ್ದೂ ಅವರವರ ಬಾಗಿಲು ಅವರವರದು.

ಆಫೀಸಿಗೆ ಬಂದು ನಕ್ಷೆ ತೆಗೆದು ನೋಡಿದೆ. ಆ ಜಾಗದ ಮೇಲೆ ನಕ್ಷೆಯಣ್ಣನ ಚುಕ್ಕಿಗಳು. ಅಂದರೆ ಹುಲ್ಲುಹಾಸು: ನಾಲ್ಕು ಇಂಚು ಮಣ್ಣು, ಅದರ ಮೇಲೆ ಚಾಪೆಯಂತೆ ಸುತ್ತಿ ತರುವ ಹುಲ್ಲು. ಮೇ ಮೂರಕ್ಕೆ ಲಾರಿ. ಅದನ್ನು ಅಲ್ಲಿ ಹಾಕಬೇಕೆಂದು ಯಾರೂ ತೀರ್ಮಾನ ಮಾಡಿದ್ದೇ ಇಲ್ಲ ಅತ್ತೆ! ಬಿಳಿ ಉಳಿದಿತ್ತು, ಬಟನ್ ಒತ್ತಿದರು. ಚುಕ್ಕಿ ಇರುವ ಜಾಗವನ್ನು ಕಂಪ್ಯೂಟರ್ ಲೆಕ್ಕ ಹಾಕಿತು. ಅಷ್ಟಕ್ಕೂ ಹುಲ್ಲು ತರಲು ಹೇಳಿದರು.

ಇನ್ನೂರ ಹನ್ನೆರಡು ಬಾಗಿಲ ಮೇಲೆ ನಾಲ್ಕು ಇಂಚು ಮಣ್ಣು ಬಿದ್ದರೆ ಏನಾಗುತ್ತದೆ? ಬೇಗ ಬರೆಯಿರಿ.

ತರಲೆ


ಏಪ್ರಿಲ್ 1

ತರಲೆ,

ಪೆಟ್ಟಿಗೆಗಳ ಬಗ್ಗೆ ಆತುರಪಡಬೇಡ. ಎದೆಯ ಎತ್ತರದಲ್ಲಿರಲಿ, ಗಾಳಿಗೆ ಅಲ್ಲಾಡದಿರಲಿ, ತೂತಿನ ಒಳಗೆ ಮರದ ಸೀಳು ಉಳಿದಿದ್ದರೆ ಉಜ್ಜಿ ನುಣುಪು ಮಾಡಿ. ಕೆಲವು ಕಡೆ ಒಂದು ವರ್ಷವೂ ಹಿಡಿಯುತ್ತದೆ. ಅಷ್ಟರೊಳಗೆ ಸೊನ್ನೆ ಎಂದು ಬರೆದುಕೊಳ್ಳುವ ಅವಸರ ಬೇಡ.

ನೆಲದ ತೂತುಗಳು ಇರುವೆಯವೂ ಇರಬಹುದು. ಹೊಸಬರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ಜೂನಿನಲ್ಲಿ ಪಾರ್ಕು ತೆರೆಯುವ ದಿನಕ್ಕೆ ನನ್ನನ್ನು ಕರೆದಿದ್ದಾರೆ. ಪೆಟ್ಟಿಗೆಗಳ ಮುಂದೆ ನಿಂತು ಎರಡು ಮಾತು ಆಡಬೇಕಂತೆ. ಬರುತ್ತೇನೆ. ನಿನಗೇನು ತರಲಿ?

ಅತ್ತೆ


ಏಪ್ರಿಲ್ 17

ಅತ್ತೆ,

ನನಗೇನೂ ಬೇಡ.

ಇರುವೆಗೆ ಕಾಲಿಗೆಲ್ಲ ಹಳದಿ ಪುಡಿ ಮೆತ್ತಿಕೊಂಡು ಹೂವಿನಿಂದ ಬರುವ ಅಭ್ಯಾಸವಿದೆಯಾ? ಒಂದನ್ನು ಗಾಜಿನ ಲೋಟ ಮುಚ್ಚಿ ಹಿಡಿದು, ಚಿತ್ರ ಬರೆದು, ಬಿಟ್ಟೆ. ಚಿತ್ರ ಈ ಪತ್ರದ ಜೊತೆಗಿದೆ. ಕಾಲು ಆರು, ರೆಕ್ಕೆ ನಾಲ್ಕು, ಹೊಟ್ಟೆಯ ಮೇಲೆ ಬಿಳಿ ಪಟ್ಟೆ. ನಾನು ಒಂಬತ್ತನೇ ಕ್ಲಾಸಿಗೆ ಬಿಟ್ಟಿರಬಹುದು, ನನ್ನ ಕಣ್ಣೇನೂ ಶಾಲೆ ಬಿಟ್ಟಿಲ್ಲ.

ನಿನ್ನೆ ಮೀಟಿಂಗ್ ಇತ್ತು. ನಗರಸಭೆಯ ಎಂಜಿನಿಯರ್ ಬಂದಿದ್ದರು. ಅದಕ್ಕೂ ಮೊದಲು ಫಾರಂ ತುಂಬಬೇಕಿತ್ತು. "ಪೆಟ್ಟಿಗೆಯಲ್ಲಿ ಗೂಡುಗಳು" ಎಂಬ ಮನೆಯಲ್ಲಿ ಕನಿಷ್ಠ ಆರು ಇದ್ದರೆ ಪೂರ್ತಿ ಅಂಕ. ನಕ್ಷೆಯಣ್ಣ ಮೆಲ್ಲಗೆ, "ಆರು ಅಂತ ಬರೆದುಬಿಡು ತಾಯಿ. ಜೇನುಹುಳ ಬಂದು ಸಾಕ್ಷಿ ಹೇಳುತ್ತಾ?" ಅಂದರು.

"ಇರೋದು ಸೊನ್ನೆ ಅಣ್ಣಾ."

"ಸೊನ್ನೆಗೆ ಒಂದು ಬಾಲ ಎಳೆದರೆ ಆರು. ಎಷ್ಟು ಕಷ್ಟ?"

ನಾನು ಸೊನ್ನೆ ಬರೆದೆ. ನೆಲದ ತೂತಿಗೆ ಆ ಫಾರಮ್ಮಿನಲ್ಲಿ ಮನೆಯೇ ಇಲ್ಲ. ಹಾಗಾಗಿ ಹಾಳೆ ತಿರುಗಿಸಿ ಹಿಂದೆ ಬರೆದೆ: "ಬೋಳು ನೆಲದಲ್ಲಿ, 212."

ಇನ್ನೊಂದು ಕೆಲಸವನ್ನೂ ಮಾಡಿದ್ದೆ, ಅದನ್ನು ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ. ಮೀಟಿಂಗಿಗೆ ಮೊದಲು ಮಾಡೆಲ್‌ನಲ್ಲಿ ಟ್ಯಾಂಕಿನ ಕೆಳಗಿನ ಹಸಿರು ಸ್ಪಂಜನ್ನೆಲ್ಲ ಕೆರೆದು ತೆಗೆದೆ. ಕೆಳಗಿನ ಕಾರ್ಕ್ ಹಲಗೆ ಹಾಗೇ ಕಾಣಲಿ ಎಂದು ಬಿಟ್ಟು, ಸೂಜಿಯಿಂದ ಇನ್ನೂರ ಹನ್ನೆರಡು ಚುಚ್ಚಿದೆ. ಯಾರನ್ನೂ ಕೇಳಲಿಲ್ಲ.

ಎಂಜಿನಿಯರ್ ಬಂದು ಮೇಜಿನ ಮೇಲೆ ಬಗ್ಗಿದರು. "ಎಲ್ಲಾ ಚೆನ್ನಾಗಿದೆ. ಆದ್ರೆ ಇದೇನ್ರೀ, ಮಧ್ಯದಲ್ಲಿ ಬೋಳು?"

ಎಲ್ಲರೂ ಸರ್ ಕಡೆ ನೋಡಿದರು. ಅವರ ತಲೆಯ ವಿಷಯ ನಿಮಗೆ ಗೊತ್ತಲ್ಲ. ನಕ್ಷೆಯಣ್ಣ ಕೆಮ್ಮಿಕೊಂಡು ಹೊರಗೆ ಹೋದರು.

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ. ಎಂಜಿನಿಯರ್ ನಗಲಿಲ್ಲ, ಬೈಯಲೂ ಇಲ್ಲ. "ನೋಡಮ್ಮ, ಜನ ಬಂದು ಬೋಳು ನೆಲ ನೋಡಿದ್ರೆ ಕಂಟ್ರಾಕ್ಟರ್ ಹುಲ್ಲು ತಿಂದುಬಿಟ್ಟ ಅಂತಾರೆ. ಜೀವವೈವಿಧ್ಯ ಅಂದ್ರೆ ಕಣ್ಣಿಗೆ ಕಾಣಬೇಕು, ಹಸಿರಾಗಿರಬೇಕು" ಎಂದು ಸಮಾಧಾನವಾಗಿಯೇ ಹೇಳಿದರು. ಆಮೇಲೆ ಫಾರಂ ನೋಡಿ, "ಸೊನ್ನೆನಾ? ಈ ಪೆಟ್ಟಿಗೆ ಬರೆದವರೇ ಉದ್ಘಾಟನೆಗೆ ಬರ್ತಿದಾರಲ್ರೀ!" ಅಂದರು.

ಸರ್ ನನ್ನ ಕಡೆ ಒಮ್ಮೆ, ಮಾಡೆಲ್ ಕಡೆ ಒಮ್ಮೆ ನೋಡಿ, "ನಾಳೆ ಮಾತಾಡೋಣ" ಅಂದರು.

ಅತ್ತೆ, ನಾನು ಬರೆದ ಸೊನ್ನೆ ನಿಮ್ಮ ಮೇಲೆ ಬರೆದದ್ದಲ್ಲ. ಅದು ನಿಮಗೆ ಹಾಗೆ ಕಾಣುತ್ತದೇನೋ ಎಂದು ರಾತ್ರಿಯೆಲ್ಲ ಅನ್ನಿಸಿತು. ಆದರೂ ಅಳಿಸುವುದಿಲ್ಲ.

ತರಲೆ


ಏಪ್ರಿಲ್ 24

ಅತ್ತೆ,

ಇಲ್ಲಿ ಬಿಸಿಲು ಜೋರು. ಅಪ್ಪನ ಕನ್ನಡಕ ಮುರಿದು ಹೊಸದು ತಂದೆವು. ಅಮ್ಮ ನಿಮ್ಮನ್ನು ಕೇಳಿದೆ ಎಂದು ಬರೆಯಲು ಹೇಳಿದಳು.

ಒಂದು ವಿಷಯ ಇದೆ, ಅದನ್ನು ನಿಮಗೆ ಹೇಳುವುದಿಲ್ಲ. ಹೇಳುವುದಿಲ್ಲ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ.

ತರಲೆ


ಏಪ್ರಿಲ್ 30

ತರಲೆ,

ನೀನು ಹೇಳದ ವಿಷಯವನ್ನು ನಿನ್ನ ಸರ್ ಫೋನಿನಲ್ಲಿ ಹೇಳಿದ. ಎರಡು ವಾರ ಆಫೀಸಿಗೆ ಬರಬೇಡ ಎಂದಿದ್ದಾನಂತೆ. "ಕಳಿಸಿಬಿಟ್ಟಿದ್ದೀಯಾ?" ಎಂದು ಕೇಳಿದೆ. "ಇಲ್ಲ ಕಣೇ, ಇಲ್ಲೇ ಇದ್ದರೆ ಇನ್ನೇನು ಕೆರೆದುಹಾಕ್ತಾಳೋ ಅಂತ ಭಯ" ಅಂದ. ನನ್ನ ಮಾತು ಉಳಿಸಿಕೊಡಲಿಲ್ಲವೆಂದು ನೀನು ಮನೆಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿರುತ್ತೀಯ. ಕೂರಬೇಡ. ಮಾತು ಉಳಿಸಿಕೊಳ್ಳದವಳು ನಾನು.

ನೀನು ಬರೆದ ಚಿತ್ರ ನನ್ನ ಮೇಜಿನ ಮೇಲಿದೆ. ಅದು ಇರುವೆಯಲ್ಲ. ಮಾರ್ಚಿನ ಪತ್ರ ಓದಿದಾಗಲೇ ನನಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ ಇನ್ನೊಂದು ದೇಶದಿಂದ, ನನಗೆ ಪರಿಚಯವೇ ಇಲ್ಲದ ಒಬ್ಬ ತೋಟದ ಮೇಲ್ವಿಚಾರಕ ಹೀಗೇ ಬರೆದಿದ್ದ. ಪೆಟ್ಟಿಗೆ ಖಾಲಿ, ನೆಲದಲ್ಲಿ ಮಾತ್ರ ತುಂಬಿವೆ, ಆ ನೆಲದ ಮೇಲೆ ನಿಮ್ಮ ಪುಸ್ತಕ ಹುಲ್ಲು ಹಾಕಿಸುತ್ತಿದೆ ಎಂದು. ಅವನಿಗೂ ನಾನು ಎತ್ತರ ಬದಲಿಸಿ ನೋಡಿ ಎಂದು ಬರೆದೆ. ಅವನು ಮತ್ತೆ ಬರೆಯಲಿಲ್ಲ. ಅವನ ನೆಲ ಏನಾಯಿತೋ ನನಗೆ ಗೊತ್ತಿಲ್ಲ, ಕೇಳಲಿಲ್ಲ.

ನಮ್ಮ ಊರಿನಲ್ಲಿ ಪೆಟ್ಟಿಗೆ ಕೆಲಸ ಮಾಡುತ್ತದೆ. ಇಲ್ಲಿ ಒಣಗಿದ ಮರದ ತೂತಿನಲ್ಲಿ ಗೂಡು ಕಟ್ಟುವ ನೊಣಗಳಿವೆ, ಒಣಮರವನ್ನೆಲ್ಲ ನಾವು ಕಡಿದು ಸಾಗಿಸುತ್ತೇವೆ, ಹಾಗಾಗಿ ಅವಕ್ಕೆ ಪೆಟ್ಟಿಗೆ ಬೇಕು. ಅಷ್ಟೇ ಅದರ ಕಥೆ. ಆದರೆ ಪುಸ್ತಕದಲ್ಲಿ "ನಮ್ಮ ಊರಿನಲ್ಲಿ" ಎಂಬ ಎರಡು ಪದ ನಾನು ಹಾಕಲಿಲ್ಲ. ಎರಡನೇ ಮುದ್ರಣದಲ್ಲಿ ಹಾಕಬಹುದಿತ್ತು. ಮೂರನೆಯದರಲ್ಲೂ ಹಾಕಬಹುದಿತ್ತು. ಆ ಪುಟದಿಂದಲೇ ಜನ ನನ್ನ ಹೆಸರು ಕಲಿತದ್ದು ಎಂದು ಹೇಳಿದ್ದೆನಲ್ಲ, ಅದರ ಮೇಲೆ ರಬ್ಬರ್ ಉಜ್ಜಲು ಕೈ ಬರಲಿಲ್ಲ.

"ಇಲ್ಲಿ ಇನ್ನೂ ಕೂತಿಲ್ಲ" ಎಂದು ಬರೆಯುವವರನ್ನು ನೋಡಿ ನಕ್ಕೆವು ಎಂದೆನಲ್ಲ. ಹನ್ನೊಂದು ದೇಶಗಳಲ್ಲಿ ಒಂದು ಗಂಟೆಯೂ ಕೂರದವರು ನಾವು.

ನಿನ್ನ ಸರ್‌ಗೆ ಒಂದು ಪುಟದ ಕಾಗದ ಬರೆದು ಕಳಿಸಿದ್ದೇನೆ, ನನ್ನ ಸಹಿಯೊಂದಿಗೆ. ಮೇ ಮೂರರೊಳಗೆ ತಲುಪುವುದೋ ಇಲ್ಲವೋ. ಫೋನಿನಲ್ಲೇ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಇದನ್ನೂ ಹೇಳಿಬಿಡುತ್ತೇನೆ, ನಿನ್ನಿಂದ ಕಲಿತಿದ್ದು.

ಅತ್ತೆ


ಮೇ 12

ಅತ್ತೆ,

ನಿಮ್ಮ ಎರಡೂ ಕಾಗದ ಮೇ ಏಳಕ್ಕೆ ಬಂದವು. ಲಾರಿ ಮೂರಕ್ಕೇ ಬಂದಿತ್ತು. ಮೊದಲು ನಡೆದದ್ದನ್ನು ಸಾಲಾಗಿ ಹೇಳುತ್ತೇನೆ, ಮಧ್ಯದಲ್ಲಿ ಎದೆ ಹಿಡಿದುಕೊಳ್ಳಬೇಡಿ.

ಆಫೀಸಿಗೆ ಬರಬೇಡ ಎಂದರು, ಟ್ಯಾಂಕಿನ ಹತ್ತಿರ ಹೋಗಬೇಡ ಎನ್ನಲಿಲ್ಲ. ದಿನಾ ಹೋಗಿ ಕೂತೆ. ಬೇರೇನೂ ಮಾಡಲು ತೋಚಲಿಲ್ಲ. ಬಾಗಿಲು ಮುಚ್ಚಿದ ತೂತು ಎಷ್ಟು, ತೆರೆದದ್ದು ಎಷ್ಟು ಎಂದು ಬರೆದುಕೊಂಡೆ. ಮೇ ಎರಡರ ಸಾಯಂಕಾಲ ಸರ್ ಬಂದರು. ಬಂದು ತಾತನ ಬಕೆಟ್ಟನ್ನು ಬೋರಲು ಹಾಕಿಕೊಂಡು ನನ್ನಿಂದ ಎರಡು ಮಾರು ದೂರದಲ್ಲಿ ಕೂತರು. ನಾನು ಬಾಯಿ ಬಿಗಿಹಿಡಿದು ಮುಚ್ಚಿದ ಬಾಗಿಲು ಎಣಿಸುತ್ತಿದ್ದೆ. ನನಗೆ ಅದೆಷ್ಟು ಕಷ್ಟವೆಂದು ನಿಮಗೆ ಗೊತ್ತಲ್ಲ.

ಅರ್ಧ ಗಂಟೆ ಅವರಿಗೆ ಏನೂ ಕಾಣಲಿಲ್ಲ. ಆಮೇಲೆ ತಮ್ಮ ಬೂಟನ್ನೇ ನೋಡತೊಡಗಿದರು. ಒಂದು ನೊಣ ಬಂದು ಬೂಟಿನ ಮುಂದೆ ಸುತ್ತುತ್ತಿತ್ತು, ಇಳಿಯಲು ಹೋಗುವುದು, ಏಳುವುದು.

"ಯಾಕೆ ಹೀಗೆ ಮಾಡ್ತಿದೆ?"

"ನೀವು ಬಾಗಿಲ ಮೇಲೆ ಕಾಲಿಟ್ಟಿದೀರ ಸರ್."

ಅವರು ಸಟಕ್ಕನೆ ಕಾಲೆತ್ತಿದರು. ನಿಜವಾಗಿ ಹೇಳುತ್ತೇನೆ, ನೆಂಟರ ಮನೆಯಲ್ಲಿ ಮಲಗಿದ ಮಗುವನ್ನು ತುಳಿದವರ ಹಾಗೆ. ನೊಣ ಒಳಗೆ ಹೋಯಿತು. ಅವರು ಎರಡು ಕಾಲನ್ನೂ ಮೇಲೆತ್ತಿಕೊಂಡೇ ಬಕೆಟ್ಟಿನ ಮೇಲೆ ಕತ್ತಲಾಗುವವರೆಗೆ ಕೂತಿದ್ದರು. ಎದ್ದಾಗ ಸೊಂಟ ಹಿಡಿದುಕೊಂಡಿತ್ತು, ತಾತ ಕೈಕೊಟ್ಟು ಎಬ್ಬಿಸಿದರು.

"ಮೂವತ್ತು ವರ್ಷದಿಂದ ನೆಲ ಬರೀತಿದೀನಿ" ಅಂದರು, ಅಷ್ಟೇ. ಆಮೇಲೆ ಗೇಟಿನ ಹತ್ತಿರ ತಿರುಗಿ, "ನಾಳೆ ಆಫೀಸಿಗೆ ಬಾ. ಸ್ಪಂಜು ಮುಟ್ಟಬೇಡ" ಅಂದರು.

ಬೆಳಿಗ್ಗೆ ಲಾರಿ ಬಂತು. ಎಂಜಿನಿಯರ್ ಕೂಡ ಬಂದರು. ಸರ್ ಹುಲ್ಲನ್ನೆಲ್ಲ ಗೇಟಿನ ಪಕ್ಕ, ಮಕ್ಕಳು ಆಡುವ ಕಡೆ ಇಳಿಸಿ ಎಂದರು. ಎಂಜಿನಿಯರ್ ಮತ್ತೆ ಅದೇ ಮಾತು: ಬೋಳು ನೆಲ ತೋರಿಸಿ ಉದ್ಘಾಟನೆ ಮಾಡುವುದು ಹೇಗೆ, ಜನ ಏನಂದಾರು. ಆಗ ನನಗೆ ನಿಮ್ಮ ಕತ್ತರಿಸಿದ ಅಂಚು ನೆನಪಾಯಿತು. ಆದರೆ ಇಲ್ಲಿ ಹುಲ್ಲು ಕತ್ತರಿಸಿದ್ದನ್ನು ಯಾರೂ ಗಮನಿಸುವುದಿಲ್ಲ. ನಮ್ಮ ಜನಕ್ಕೆ ಗೊತ್ತಾಗುವುದು ಗುಡಿಸಿದ ನೆಲ. ಗುಡಿಸಿದ್ದರೆ ಅಲ್ಲಿ ಯಾರೋ ಇದ್ದಾರೆ ಎಂದು ಅರ್ಥ, ಕಸ ಹಾಕಲೂ ಕೈ ಹಿಂಜರಿಯುತ್ತದೆ.

ನಾನು ಬಾಯಿ ತೆರೆಯುವುದರೊಳಗೆ ತಾತ ಪೊರಕೆ ತಂದು ತೂತುಗಳ ಜಾಗದ ಸುತ್ತ ಎರಡು ಅಡಿ ಅಗಲ ಗುಡಿಸತೊಡಗಿದ್ದರು. ಒಳಗೆ ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ. ನಾನು ಅದರಂಚಿಗೆ ಟ್ಯಾಂಕಿನ ಹಳೆಯ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಿದೆ. ಹತ್ತು ನಿಮಿಷದಲ್ಲಿ ಅದೇ ಬೋಳು ನೆಲ ಯಾರೋ ಬೇಕೆಂದೇ ಮಾಡಿದ ಹಾಗೆ ಕಂಡಿತು. ಅಡ್ಡದಾರಿಯಲ್ಲಿ ಬಂದ ಒಬ್ಬ ಹೆಂಗಸು ಇಟ್ಟಿಗೆ ನೋಡಿ ತಾನಾಗಿ ಸುತ್ತಿಕೊಂಡು ಹೋದಳು. ಎಂಜಿನಿಯರ್ ಅವಳನ್ನೇ ನೋಡುತ್ತಾ, "ಹೂಂ" ಅಂದರು. "ಒಂದು ಬೋರ್ಡಾದರೂ ಹಾಕ್ರಪ್ಪಾ" ಅಂದರು.

ನಿಮ್ಮ ಕಾಗದ ಬಂದ ದಿನ ಸರ್ ಅದನ್ನು ಎರಡು ಸಲ ಓದಿ ಫಾರಮ್ಮಿನ ಜೊತೆ ಪಿನ್ ಹಾಕಿ ದರ್ಜೆ ಕೊಡುವ ಕಚೇರಿಗೆ ಕಳಿಸಿದರು. ಉತ್ತರ ನಿನ್ನೆ ಬಂತು. ಹುಲ್ಲಿನ ಅಂಕ ಹೋಯಿತು, ಪೆಟ್ಟಿಗೆಯ ಅಂಕ ಹೋಯಿತು. ಬೋಳು ನೆಲಕ್ಕೆ ಅಂಕ ಕೊಡಲು ಅವರ ಫಾರಮ್ಮಿನಲ್ಲಿ ಮನೆ ಇಲ್ಲವಂತೆ. ನಮಗೆ ಎರಡನೇ ದರ್ಜೆ. ಮೂರು ಪಾರ್ಕುಗಳಲ್ಲಿ ಒಂದು ಮಾತ್ರ ನಮಗೆ. ನಕ್ಷೆಯಣ್ಣ ಅರ್ಧ ದಿನ ನನ್ನ ಜೊತೆ ಮಾತಾಡಲಿಲ್ಲ. ಮಧ್ಯಾಹ್ನ ಆ ಒಂದು ಪಾರ್ಕಿನ ನಕ್ಷೆ ತೆಗೆದರು. ದಾರಿ ಬರೆದರು, ಬೆಂಚು ಬರೆದರು, ಬಿಳಿ ಉಳಿಯಿತು. ಬೆರಳು ಬಟನ್ ಮೇಲೆ ಹೋಯಿತು. ನನ್ನ ಕಡೆ ನೋಡಿದರು.

"ನೀನು ಹೇಳಿದ್ಯಲ್ಲ, ನಿಮ್ಮತ್ತೆ ಯಾವುದೋ ದೇಶಕ್ಕೆ ಹೋಗಿದ್ರು ಅಂತ, ಅಲ್ಲಿ ಏನಂತ ಬರೀತಾರೆ?"

ಹೇಳಿದೆ. ಬಿಳಿಯ ಮೇಲೆ ಬರೆದರು: ಇಲ್ಲಿ ಇನ್ನೂ ಕೂತಿಲ್ಲ. ಬರೆದು, "ಕೂರೋದು ನೀನೇ, ನನಗೆ ಮಂಡಿ ನೋವು" ಅಂದರು.

ನಿಮ್ಮ ಮೇಲೆ ನನಗೆ ಕೋಪ ಇತ್ತು. ಇರಲಿಲ್ಲ ಎಂದರೆ ಸುಳ್ಳು. ಪತ್ರ ಓದಿದ ಮೇಲೂ ಸ್ವಲ್ಪ ಉಳಿದಿತ್ತು. ಆ ತೋಟದ ಮೇಲ್ವಿಚಾರಕನಿಗೆ ನೀವು ಬರೆಯಬೇಕು. ಬರೆದ ಮೇಲೆ ನನಗೆ ತಿಳಿಸಿ.

ತರಲೆ


ಮೇ 27

ತರಲೆ,

ಬರೆದೆ. ವಿಳಾಸ ಹಳೆಯದು, ತಲುಪುತ್ತದೋ ನೋಡಬೇಕು. ಪುಸ್ತಕದವರಿಗೂ ಬರೆದೆ. ನಲವತ್ತೊಂದನೇ ಪುಟ ಉಳಿಯುತ್ತದೆ, ಮೇಲೆ "ನಮ್ಮ ಊರಿನಲ್ಲಿ" ಎಂದು ಸೇರುತ್ತದೆ. ಎದುರಿನ ಪುಟ ಖಾಲಿ ಬಿಡಿಸಿದ್ದೇನೆ. ಅಲ್ಲಿಗೆ ನಿನ್ನ ಲೋಟದ ನೊಣದ ಚಿತ್ರ ಬೇಕು. ಮೂಲೆಯಲ್ಲಿ ಸಹಿ ಹಾಕಿ ಕಳಿಸು, ಬಾಲ ಉದ್ದ ಎಳೆಯಬೇಡ.

ಇನ್ನೊಂದು ಮಾತು. ನನ್ನ ಮನೆಯ ಹಿಂಬಾಗಿಲಿನಲ್ಲಿ, ಕಸದ ಡಬ್ಬಿಯ ಪಕ್ಕ, ಕಾಂಕ್ರೀಟಿನ ಒಂದು ಬಿರುಕಿದೆ. ಪ್ರತಿ ವರ್ಷ ಅದರೊಳಗಿಂದ ಮಣ್ಣು ಉಕ್ಕುತ್ತದೆ. ಪ್ರತಿ ವರ್ಷ ನಾನು ಗುಡಿಸಿ, ಮರಳು ತುಂಬಿ ಮುಚ್ಚುತ್ತೇನೆ. ಕಳೆದ ಭಾನುವಾರ ಮರಳಿನ ಚೀಲ ಹಿಡಿದು ಹೋದವಳು, ಚೀಲವನ್ನು ಕೆಳಗಿಟ್ಟು ಅದರ ಮೇಲೇ ಕೂತೆ.

ಜೂನ್ ಹನ್ನೆರಡಕ್ಕೆ ಬರುತ್ತೇನೆ. ಪೆಟ್ಟಿಗೆಗಳ ಮುಂದೆ ನಿಂತು ಮಾತಾಡುವುದಿಲ್ಲ ಎಂದು ನಿನ್ನ ಸರ್‌ಗೆ ಹೇಳಿಬಿಡು. ನನಗೂ ಒಂದು ಬಕೆಟ್ ಇರಲಿ.

ಅತ್ತೆ


ಜೂನ್ 22

ಅತ್ತೆ,

ನೀವು ಹೋಗಿ ಆರು ದಿನ. ಅಮ್ಮ ಇನ್ನೂ ನೀವು ಮಲಗಿದ್ದ ಮಂಚದ ಹಾಸಿಗೆ ಮಡಿಸಿಲ್ಲ. ಅಪ್ಪ ನಿಮ್ಮ ಜೊತೆ ತೆಗೆಸಿಕೊಂಡ ಫೋಟೋದಲ್ಲಿ ಹೊಸ ಕನ್ನಡಕ ಸೊಟ್ಟಗಿದೆ ಎಂದು ಗೊಣಗುತ್ತಿದ್ದಾರೆ.

ಪಾರ್ಕಿನಲ್ಲಿ ಎಲ್ಲ ಸರಿಯಾಗಿದೆ. ಬೋರ್ಡಿನ ಮೇಲೆ ಏನು ಬರೆಯಬೇಕೆಂದು ಎಂಜಿನಿಯರ್ ಮತ್ತು ಸರ್ ಇನ್ನೂ ವಾದ ಮಾಡುತ್ತಿದ್ದಾರೆ, ಹಾಗಾಗಿ ಬೋರ್ಡು ಖಾಲಿ ನಿಂತಿದೆ. ತಾತ ದಿನಾ ಗುಡಿಸುತ್ತಾರೆ. ನಿಮ್ಮ ಪೆಟ್ಟಿಗೆಗಳಲ್ಲಿ ಒಂದನ್ನು ಇಳಿಸಿ ಬೀಗದ ಕೈ ಸಿಕ್ಕಿಸಿಡಲು ಇಟ್ಟುಕೊಂಡಿದ್ದಾರೆ, ತೂತುಗಳಿಗೆ ಸರಿಯಾಗಿ ಹಿಡಿಸುತ್ತವಂತೆ. ಹಲ್ಲಿ ಇನ್ನೂ ತನ್ನ ಪೆಟ್ಟಿಗೆಯಲ್ಲೇ ಇದೆ. ಪುಸ್ತಕಕ್ಕೆ ಚಿತ್ರ ಮೂರು ಸಲ ಬರೆದು ಹರಿದೆ, ನಾಲ್ಕನೆಯದು ಕಳಿಸುತ್ತಿದ್ದೇನೆ. ಸಹಿಯ ಬಾಲ ಸ್ವಲ್ಪ ಉದ್ದವಾಯಿತು, ಮನೆತನದ್ದು.

ಕೆಲಸಕ್ಕೆ ಸೇರಿ ಇವತ್ತಿಗೆ ಐದು ತಿಂಗಳು ಆಗುತ್ತಾ ಬಂತು. ಈ ಕೆಲಸ ಎಷ್ಟು ದಿನ ಉಳಿಯುತ್ತದೆಂದು ಅಪ್ಪ ಎಣಿಸುವುದನ್ನು ನಿಲ್ಲಿಸಿದ್ದಾರೆ.

ಒಂದು ವಿಷಯ ನಿಮಗೆ ಅಲ್ಲೇ ಹೇಳಲಿಲ್ಲ. ಹದಿನಾಲ್ಕನೇ ತಾರೀಕು ನೀವು ಬಕೆಟ್ಟಿನ ಮೇಲೆ ಒಂದು ಗಂಟೆ ಕೂತು, ಬೆರಳು ಮಡಚಿ ಮಡಚಿ ಎಣಿಸಿ, "ಹದಿನೇಳು!" ಅಂದಿರಿ. ಈ ವರ್ಷದ ಕಾಲ ಮುಗಿಯುತ್ತಾ ಬಂದಿತ್ತು, ಅಷ್ಟು ಕಂಡದ್ದೇ ಹೆಚ್ಚು. ಎಷ್ಟು ಖುಷಿಯಲ್ಲಿದ್ದಿರಿ ಎಂದರೆ ನಾನು ಹೂಂ ಅಂದುಬಿಟ್ಟೆ.

ಹತ್ತೊಂಬತ್ತು ಅತ್ತೆ. ಇನ್ನೆರಡು ನಿಮ್ಮ ಬ್ಯಾಗಿನ ಕೆಳಗಿದ್ದವು. ನೀವು ಬ್ಯಾಗ್ ಎತ್ತಿಕೊಂಡು ಗೇಟಿನ ಕಡೆ ಹೋದ ಮೇಲೆ ಒಂದರ ಹಿಂದೆ ಒಂದು ಹೊರಗೆ ಬಂದು, ಎರಡು ಸುತ್ತು ಹಾಕಿ, ಹಾರಿಹೋದವು. ನನ್ನ ಲೆಕ್ಕದ ಪುಸ್ತಕದಲ್ಲಿ ಹತ್ತೊಂಬತ್ತು ಎಂದೇ ಬರೆದಿದ್ದೇನೆ.

ನಿಮ್ಮ ತರಲೆ